ಕೈ ಹೋಗದ ಸುರುಳಿ

ಲಕ್ಷ್ಮೇಶ್ವರದಿಂದ ಫೋನ್ ಬಂದಾಗ ನಾನು ಹಳೇ ತಾಮ್ರದ ಗುಜರಿಯವನ ಜೊತೆ ಚೌಕಾಶಿಯಲ್ಲಿದ್ದೆ. ನಮ್ಮ ಶೆಡ್ಡಿನಲ್ಲಿ ಆಗ ಫೋನ್ ಇರಲಿಲ್ಲ. ಬೆಟಗೇರಿಯ ನಮ್ಮ ಓಣಿಯ ತುದಿಯಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು, ಅದರ ಮಾಲೀಕ ಬಾಗಿಲಲ್ಲೇ ನಿಂತು ಕೂಗಿದ: "ಸಾಹೇಬ್ರ, ಲಕ್ಷ್ಮೇಶ್ವರದ ಡಾಕ್ಟರ್ ಬಾಯಾರು ಲೈನಿನ್ಯಾಗ ಅದಾರ, ಜಲ್ದಿ ಬರ್ರಿ!"

ಓಡಿದೆ.

"ನಿಮ್ಮ ಬಾಯ್ಲರ್ ಹಾಡಾಕತ್ತೈತಿ" ಎಂದರು ಡಾಕ್ಟರ್.

"ಹಾಡ್ಲಿ ಬಿಡ್ರಿ ಬಾಯಾರ. ಹೊಸಾದು, ಖುಷಿಯಾಗೈತಿ."

"ಚ್ಯಾಷ್ಟಿ ಬ್ಯಾಡ. ನಾಕ್ ದಿನಾ ಆತು. ಮೊದಲ ಗುಂಯ್ ಅಂತಿತ್ತು. ಈಗ ಒಳಗ ಯಾರೋ ಹಳ್ಳು ಕುಟ್ಟಿದಂಗ ಸಪ್ಪಳ ಬರತೈತಿ."

"ಕೊಳವಿಯೊಳಗ ಗಾಳಿ ಸಿಕ್ಕಿರತೈತ್ರಿ. ನಲ್ಲಿ ಪೂರ್ತಿ ತೆರದ್ ಬಿಡ್ರಿ, ತಾನ ಹೋಗತೈತಿ."

ಇಷ್ಟು ಹೇಳಿ ಫೋನ್ ಇಟ್ಟು, ಗುಜರಿಯವನ ಹತ್ತಿರ ಬಂದು ಮತ್ತೆ ಚೌಕಾಶಿಗೆ ಕೂತೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಬುದ್ಧಿಮಾತು ಇದೇ: ಬೆಂಕಿ ಮತ್ತು ನೀರು ಕೂಡಿದ ಯಾವ ಯಂತ್ರವನ್ನೂ ಫೋನಿನಲ್ಲಿ ರಿಪೇರಿ ಮಾಡಬೇಡಿ. ಗಿರಾಕಿ ಸಪ್ಪಳ ಅಂದರೆ ಚಪ್ಪಲಿ ಮೆಟ್ಟಿಕೊಂಡು ಬಸ್ ಹತ್ತಿ. ಅವತ್ತು ನಾನು ಹತ್ತಲಿಲ್ಲ. ಆದರೆ ಆ ತಾಮ್ರದ ಬೆಲೆ ಎಷ್ಟಕ್ಕೆ ಮುಗಿಯಿತು ಎಂಬುದೂ ನೆನಪಿಲ್ಲ. ಬಾಯಿ ಒಂದು ಹೇಳುತ್ತಿತ್ತು, ಕಿವಿಯಲ್ಲಿ ಹರಳುಗಲ್ಲು ಕುಟ್ಟುವ ಸಪ್ಪಳ.

ನಮ್ಮ ಕಾರ್ಖಾನೆಯ ಇತಿಹಾಸ ಬರೆದುಕೊಡಿ ಎಂದು ಈಗಿನವರು ಕೇಳುತ್ತಾರೆ. ನೀರು ಕಾಯಿಸುವ ಸಲಕರಣೆ ಮಾಡುವವರು ನಾವು. ನಮ್ಮ ಬಂಬಗಳು ಈಗ ಎಲ್ಲೆಲ್ಲಿಗೋ ಹೋಗುತ್ತವೆ. ಶೆಡ್ಡು ಯಾವಾಗ ಕಟ್ಟಿದೆ, ಕರೆಂಟ್ ಯಾವಾಗ ಬಂತು, ಎಷ್ಟು ಮಂದಿ ಕೆಲಸಕ್ಕಿದ್ದಾರೆ ಎಂಬುದನ್ನು ಯಾರು ಬೇಕಾದರೂ ಬರೆದಾರು. ನನ್ನ ಲೆಕ್ಕದಲ್ಲಿ ಈ ಕಾರ್ಖಾನೆ ಹುಟ್ಟಿದ್ದು ಆ ಫೋನ್ ಬಂದ ದಿನ. ಪೂರ್ತಿ ಹುಟ್ಟಿ ಬರಲು ಎರಡು ತಿಂಗಳ ಮೇಲೆ ಹಿಡಿಯಿತು. ಅಷ್ಟು ದಿನವೂ ನಾನು ಒಂದು ಕಡೆ ನೆಟ್ಟಗೆ ಕೂತವನಲ್ಲ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿ, ಹೊಸ ಹಾಸ್ಟೆಲ್, ಹೊಸ ಲಾಡ್ಜ್; ವರ್ಗವಾಗಿ ಬಂದ ಸಾಹೇಬರಿಗೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಬೇಕು. ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ತಾಮ್ರದ ಬಂಬ: ನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು, ಮೇಲೊಂದು ಆಲಿಕೆ. ಆಲಿಕೆಯಲ್ಲಿ ಒಂದು ಕೊಡ ತಣ್ಣೀರು ಸುರಿದರೆ ಪಕ್ಕದ ಸೊಂಡಿಲಿನಿಂದ ಒಂದು ಕೊಡ ಬಿಸಿನೀರು ಹೊರಗೆ ಬೀಳುತ್ತದೆ. ಮನೆಗೆ ಅದು ಸಾಕು. ಹೊಸ ಗಿರಾಕಿಗಳಿಗೆ ಸಾಲುತ್ತಿರಲಿಲ್ಲ. ಅವರಿಗೆ ನಲ್ಲಿ ತಿರುಗಿಸಿದರೆ ನೀರು ಬರಬೇಕು, ನಿಲ್ಲದೆ ಬರಬೇಕು.

ಮೊದಲು ಕೇಳಿದವರು ಲಕ್ಷ್ಮೇಶ್ವರದ ಡಾಕ್ಟರ್ ಬಾಯಿ. ಅವರದು ಸಣ್ಣ ಹೆರಿಗೆ ಆಸ್ಪತ್ರೆ. ಅಲ್ಲಿ ಬಾಣಂತಿಯರಿಗೆ ನೀರೆರೆಯುವುದಕ್ಕೆಂದೇ ಒಬ್ಬ ಮುದುಕಿ ಇದ್ದಳು. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಸ್ಟೂಲ್ ಹತ್ತಿ ಬಂಬಕ್ಕೆ ಕೊಡಗಟ್ಟಲೆ ನೀರು ಸುರಿದು ಅವಳ ಮೊಳಕಾಲು ಹೋಗಿದ್ದವು. "ಆಯಿ ಸ್ಟೂಲ್ ಹತ್ತಬಾರ್ದು, ಅಷ್ಟ" ಎಂದರು ಡಾಕ್ಟರ್. ನಾನು ಅವರ ಟೇಬಲ್ಲಿನ ಮೇಲೆ ಒಂದು ಗೇಣು ತಾಮ್ರದ ಕೊಳವೆಯನ್ನಿಟ್ಟೆ. ಗಿರಾಕಿ ಮಾಲಿನ ಮೇಲೆ ಕೈಯಿಡುವ ಹಾಗೆ ಮಾಡಬೇಕು, ಆಮೇಲೆ ಮಾತು ಸಲೀಸು. ಅವರು ಕೊಳವೆಯನ್ನು ಎತ್ತಿ ಕಣ್ಣಿಗೆ ಹಿಡಿದು ನೋಡುವಷ್ಟರಲ್ಲಿ ನಾನು ಅರ್ಧ ವ್ಯಾಪಾರ ಮುಗಿಸಿದ್ದೆ.

ಮಾಡಿದ್ದು ಸುರುಳಿಯ ಬಾಯ್ಲರ್. ಮುಕ್ಕಾಲು ಇಂಚಿನ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಬೆಂಕಿಯ ಮೇಲೆ ಕೂರಿಸುವುದು. ಮಾಳಿಗೆಯ ಟ್ಯಾಂಕಿನಿಂದ ತಣ್ಣೀರು ಒಂದು ತುದಿಯಲ್ಲಿ ಒಳಗೆ, ಇನ್ನೊಂದು ತುದಿಯಲ್ಲಿ ಬಿಸಿಯಾಗಿ ಹೊರಗೆ. ಹೇಳುವುದು ಸುಲಭ. ಕೊಳವೆ ಸುತ್ತುವಾಗ ನಡುವೆ ಚಪ್ಪಟೆಯಾಗಬಾರದು. ಅದಕ್ಕೆ ಒಣ ಉಸುಕು ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬಿರಡೆ ಜಡಿದು, ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ಬೇವಿನ ದಿಮ್ಮಿಯ ಮೇಲೆ ಇಂಚಿಂಚಾಗಿ ಸುತ್ತಬೇಕು. ನನ್ನ ಜೊತೆಗಿದ್ದವನು ತಾಮ್ರದ ಕೆಲಸದ ಮನೆತನದ ಮಿಸ್ತ್ರಿ, ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯ. ಹನ್ನೊಂದು ಸುತ್ತು ಸುತ್ತಿದ. ಮೂರು ಸಲ ಏಳನೇ ಸುತ್ತಿನಲ್ಲಿ ಕೊಳವೆ ಮಡಚಿಕೊಂಡಿತು, ನಾಲ್ಕನೆಯದು ನಿಂತಿತು. ಬಿಳಿಗಾರ ಹಾಕಿ ಹಿತ್ತಾಳೆಯ ಬೆಸುಗೆ. ಕೈಪಂಪಿನಿಂದ ನೀರು ಒತ್ತಿ ನೋಡಿದೆವು. ಒಂದು ಹನಿ ಬೆವರಲಿಲ್ಲ.

ಅದರ ಮೇಲೆ ಎರಡು ಜೋಡಣೆ. ಒಂದು, ಉಗಿ ಹೋಗಲು ಸುರುಳಿಯ ನೆತ್ತಿಯಿಂದ ಅರ್ಧ ಇಂಚಿನ ಕೊಳವೆ, ಟ್ಯಾಂಕಿಗಿಂತ ಎತ್ತರಕ್ಕೆ. ಇನ್ನೊಂದು ನನ್ನದೇ ಜಾಣತನ. ಬಿಸಿನೀರು ಹಿಮ್ಮುಖವಾಗಿ ಟ್ಯಾಂಕಿಗೆ ಏರಿ ಕಾವು ಹಾಳಾಗುತ್ತದೆ ಎಂದು, ತಣ್ಣೀರಿನ ದಾರಿಯಲ್ಲಿ ಒಂದು ವಾಲ್ವ್ ಕೂರಿಸಿದೆ. ನೀರು ಒಳಗೆ ಬರಬಹುದು, ಹಿಂದೆ ಹೋಗುವಂತಿಲ್ಲ.

"ಭಾಯ್, ಹಿಂದ ಹೋಗೂ ದಾರಿ ಮುಚ್ಚಾಕತ್ತೀರಿ" ಎಂದ ಮಿಸ್ತ್ರಿ.

"ಮ್ಯಾಲ ಉಗಿ ಕೊಳವಿ ಐತೆಲ್ಲೋ ಮಾರಾಯಾ."

"ಐತಿ ಖರೆ." ವಾಲ್ವ್ ಬಿಗಿಯಲು ಇಕ್ಕಳ ಕೊಟ್ಟ.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಪಾತ್ರೆಗೆ ಮೊದಲು ಹೊಳೆಯ ಸಿಹಿನೀರನ್ನೇ ತುಂಬಬೇಕು. ಪಾತ್ರೆ ಕೆಲಸದವರು ಹಿಂದೂ ಇರಲಿ, ಮುಸಲ್ಮಾನರಿರಲಿ, ಎಲ್ಲರೂ ಹೀಗೇ ಮಾಡುತ್ತಿದ್ದರು. ಊರೂರು ತಿರುಗಿ ಕಲಾಯಿ ಹಾಕುತ್ತಿದ್ದ ನಮ್ಮಪ್ಪ ಕೂಡ ತತ್ರಾಣಿಯಲ್ಲಿ ಸಿಹಿನೀರು ಒಯ್ಯುತ್ತಿದ್ದ. ಬೋರಿನ ಉಪ್ಪುನೀರನ್ನು ಹೊಸ ತಾಮ್ರಕ್ಕೆ ತಾಗಿಸಿದರೆ ಗಿರಾಕಿಗೆ ಅವಮಾನ ಮಾಡಿದಂತೆ. ಬೆಟಗೇರಿಯಲ್ಲಿ ಹೊಳೆನೀರಿನ ನಳ ಬರುವುದು ಹತ್ತು ದಿನಕ್ಕೊಮ್ಮೆ. ನಾನು ಆ ನೀರು ತುಂಬಿಟ್ಟ ಮನೆಯ ಹೌದಿನಿಂದಲೇ ಕೊಡಗಳನ್ನು ಹೊತ್ತೆ. "ನಿಮ್ ಬಾಯ್ಲರ್ ಸಲುವಾಗಿ ನಾವು ಬೋರಿನ ನೀರಾಗ ಬ್ಯಾಳಿ ಕುದಸಬೇಕೇನು? ಕುದಿಯಂಗಿಲ್ಲದು" ಎಂದು ಹೆಂಡತಿ ಜಗಳ ತೆಗೆದಳು. ಕೇಳಲಿಲ್ಲ. ಎಂಟು ದಿನ ಸಿಹಿನೀರಿನಲ್ಲಿ ಪರೀಕ್ಷೆ ನಡೆಯಿತು. ಡಾಕ್ಟರ್ ಬಂದರು, ನಲ್ಲಿ ತಿರುಗಿಸಿದರು, ಬೆರಳಿಟ್ಟು ಹಿಂದೆಗೆದುಕೊಂಡು ನಕ್ಕರು. ಅದೇ ವಾರ ಮುಂಡರಗಿಯ ಒಂದು ಹುಡುಗರ ಹಾಸ್ಟೆಲ್ಲಿನವರೂ ನೋಡಿಹೋಗಿ ಅಂಥದ್ದೇ ಒಂದನ್ನು ಮಾಡಲು ಹೇಳಿದರು. ಲಕ್ಷ್ಮೇಶ್ವರದ್ದನ್ನು ಕೂರಿಸಿದ ಇಪ್ಪತ್ತು ದಿನಕ್ಕೆ ಮುಂಡರಗಿಯದನ್ನೂ ಕೂರಿಸಿ ಬಂದೆ.

ಫೋನ್ ಬಂದ ಮೂರನೇ ದಿನ ಬೆಳಿಗ್ಗೆ ನಾನು ಲಕ್ಷ್ಮೇಶ್ವರದ ಬಸ್ ಹತ್ತಿದೆ. ಯಾರೂ ಕರೆದಿರಲಿಲ್ಲ. ಸುಮ್ಮನೆ ಕೂರಲಾಗಲಿಲ್ಲ, ಅಷ್ಟೇ. ದಾರಿಯಲ್ಲಿ ಮಾಗಡಿ ಕೆರೆಯ ಹಕ್ಕಿ ನೋಡಲು ಹೊರಟ ಕಾಲೇಜಿನ ಹುಡುಗರ ಗುಂಪೊಂದು ಬಸ್ಸಿನಲ್ಲಿತ್ತು. ಅವರ ಗದ್ದಲದಲ್ಲೂ ನನಗೆ ನನ್ನ ಸೀಟಿನ ಕೆಳಗಿನ ಎಂಜಿನ್ನಿನ ಕಟಕಟವೇ ಕೇಳುತ್ತಿತ್ತು.

ಆಸ್ಪತ್ರೆಯ ಹಿಂದಿನ ಅಂಗಳಕ್ಕೆ ಕಾಲಿಟ್ಟಾಗ ಆಯಿ ಬಚ್ಚಲಿನ ಬಾಗಿಲಲ್ಲಿ ಕೂತು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡುತ್ತಿದ್ದಳು. ಒಬ್ಬ ಬಾಣಂತಿ ಹೊದ್ದುಕೊಂಡು ಮಣೆಯ ಮೇಲೆ ಕಾಯುತ್ತಿದ್ದಳು.

"ಬಂದೇನ್ ತಮ್ಮಾ? ನೋಡು, ನಿನ್ ಬಾಯ್ಲರಿಗೆ ದಮ್ಮು ಹತ್ತೈತಿ. ನನಗಿಂತ ಮೊದಲ ಸಾಯತೈತಿ ಇದು."

"ಎಲ್ಲಿ ಆಯಿ, ಸರೀರಿ, ನೋಡ್ತೇನಿ."

"ನೀ ನೋಡು. ನಾ ಮೊದಲ ಕೊಡ ತುಂಬಕೋತೇನಿ, ಹುಡಿಗಿ ಥಂಡ್ಯಾಗ ಕುಂತೈತಿ."

ನಾನು ಬೇಡ ಎನ್ನುವ ಮೊದಲೇ ಅವಳು ಕೈ ಚಾಚಿ ನಲ್ಲಿ ತಿರುಗಿಸಿದಳು. ಮೊದಲು ಏನೂ ಬರಲಿಲ್ಲ. ಆಮೇಲೆ ಬಿಕ್ಕಳಿಕೆಯಂಥ ಸದ್ದು, ಒಂದು ಹನಿ, ಮತ್ತೆ ಮೌನ. ಅವಳು ಬಗ್ಗಿದಳು. ನಾನು ಅವಳ ಸೆರಗು ಹಿಡಿದು ಎಳೆದೆ. ಅಷ್ಟರಲ್ಲಿ ನಲ್ಲಿ ಕುದಿಯುವ ನೀರನ್ನು ಉಗಿಯ ಸಮೇತ ಎರಡು ಮೊಳ ದೂರಕ್ಕೆ ಉಗುಳಿತು. ಮುಖ ಉಳಿಯಿತು. ಬಲಗೈ ಮೊಳಕೈಯವರೆಗೆ ಬೆಂದಿತು.

ಆಯಿ ಕೂಗಲಿಲ್ಲ. ಕೈಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಮಣೆಯ ಮೇಲಿದ್ದ ಹೆಂಗಸಿಗೆ, "ಏಳು ತಂಗೀ, ಒಳಗ ಹೋಗು. ಇವತ್ತು ಎರಕೊಳ್ಳೂದು ಬ್ಯಾಡ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಆಕಿ ಬಾಯ್ಲರಿನ ಮಗ್ಗಲದಾಗ ಕುಂತಿದ್ದಳು ನೋಡು" ಎಂದಳು.

ಬೆಂಕಿಯನ್ನು ಹೊರಗೆಳೆದು ಮಣ್ಣು ಮುಚ್ಚಿದೆ. ಡಾಕ್ಟರ್ ಆಯಿಯ ಕೈಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ. ಸಂಜೆಯೊಳಗೆ ಸುರುಳಿಯನ್ನು ಬಿಚ್ಚಿ ಟೆಂಪೊದಲ್ಲಿ ಹೇರಿಕೊಂಡು ಬೆಟಗೇರಿಗೆ ತಂದೆ. ತಂದಾಗ ಮನಸ್ಸಿನಲ್ಲಿ ಇದ್ದದ್ದು ಬೆಸುಗೆಯ ಹಿತ್ತಾಳೆ ಒಳಗೆ ಇಳಿದು ದಾರಿ ಕಟ್ಟಿರಬೇಕು ಎಂಬ ಅನುಮಾನ. ತಪ್ಪು ಮಿಸ್ತ್ರಿಯದು ಎಂದು ಅರ್ಧ ನಿಶ್ಚಯವೂ ಆಗಿತ್ತು. ಇದನ್ನೂ ಬರೆದುಬಿಡುತ್ತೇನೆ.

ಮರುದಿನ ಮಿಸ್ತ್ರಿ ಗರಗಸದಿಂದ ಕೊಳವೆಯನ್ನು ಐದನೇ ಸುತ್ತಿನಲ್ಲಿ ಕೊಯ್ದ. ಬೆಸುಗೆ ಸ್ವಚ್ಛವಾಗಿತ್ತು. ಒಳಗೆ ಸುತ್ತಲೂ ಬಿಳಿ ಕಲ್ಲು ಬೆಳೆದಿತ್ತು, ಸುಣ್ಣದ ಹಾಗೆ, ಆದರೆ ಉಗುರಿಗೆ ಬಗ್ಗದಷ್ಟು ಗಟ್ಟಿ. ಮುಕ್ಕಾಲು ಇಂಚಿನ ದಾರಿಯಲ್ಲಿ ಪೆನ್ಸಿಲ್ ಕೂಡ ತೂರುತ್ತಿರಲಿಲ್ಲ.

"ಬೋರಿನ ನೀರು" ಎಂದ ಮಿಸ್ತ್ರಿ. "ನಾವು ಇದಕ್ಕ ಎಂಟ್ ದಿನಾ ಹೊಳಿ ನೀರು ಕುಡಿಸಿ ಮುದ್ದು ಮಾಡಿದ್ವಿ. ಅಲ್ಲಿ ಇದರ ಬಾಯಿಗೆ ಬಿದ್ದಿದ್ದು ಉಪ್ಪು."

ನಾನು ಉಗಿಯ ಕೊಳವೆಯನ್ನು ಎತ್ತಿಕೊಂಡು ಬಾಯಿಯಿಂದ ಊದಿದೆ. ಗಾಳಿ ಹೋಗಲಿಲ್ಲ. ಇನ್ನೊಮ್ಮೆ ಊದಿದೆ. ಕೊಳವೆ ಬಾಗುವ ಜಾಗದಲ್ಲಿ ಕಲ್ಲು ಪೂರ್ತಿ ಕಟ್ಟಿಕೊಂಡಿತ್ತು.

ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈಗಲೂ ಇಂಥದ್ದನ್ನು ಮಾಡುವವರಿದ್ದಾರೆ. ನಲ್ಲಿ ಮುಚ್ಚಿದೆ, ಕೆಳಗೆ ಬೆಂಕಿ ಉರಿಯುತ್ತಿದೆ. ಮೇಲೆ ಹೋಗುವ ದಾರಿಯನ್ನು ಕಲ್ಲು ಮುಚ್ಚಿದೆ. ಹಿಂದೆ ಹೋಗುವ ದಾರಿಯನ್ನು ನಾನೇ ವಾಲ್ವ್ ಹಾಕಿ ಮುಚ್ಚಿದ್ದೇನೆ. ಉಗಿಗೆ ಉಳಿದದ್ದು ಒಂದೇ ದಾರಿ, ಕೊಳವೆಯನ್ನು ಸೀಳುವುದು. ಆಯಿ ಆ ಹೊತ್ತಿಗೆ ಸರಿಯಾಗಿ ನಲ್ಲಿ ತೆರೆಯದಿದ್ದರೆ ಸೀಳುತ್ತಿತ್ತು. ಅವಳ ಕೈ ಸುಟ್ಟದ್ದರಿಂದ ಆ ಬಾಣಂತಿ ಉಳಿದಳು ಎಂದು ಆಗ ಅರ್ಥವಾಯಿತು.

"ಭಾಯ್" ಎಂದ ಮಿಸ್ತ್ರಿ, "ಮುಂಡರಗಿ?"

ಮುಂಡರಗಿಯದು ಇಪ್ಪತ್ತು ದಿನ ಚಿಕ್ಕದು. ಆದರೆ ಅಲ್ಲಿ ಅರವತ್ತು ಹುಡುಗರು; ದಿನವೂ ಮೂರು ಪಟ್ಟು ನೀರು. ಗದಗ ಬಸ್ ಸ್ಟ್ಯಾಂಡಿಗೆ ಆಟೊದಲ್ಲಿ ಹೋದೆ. ಮುಂಡರಗಿ ಬಸ್ ಹೊರಡಲು ಇನ್ನೂ ಅರ್ಧ ಗಂಟೆ ಇತ್ತು. ಕೂತೆ, ಎದ್ದೆ, ಮತ್ತೆ ಕೂತೆ. ಕಂಡಕ್ಟರನಿಗೆ ಎರಡು ಸಲ ಹೊತ್ತು ಕೇಳಿದೆ. "ಹೆರಿಗಿ ಕೇಸ್ ಏನ್ರಿ?" ಎಂದು ಅವನೇ ತಿರುಗಿ ಕೇಳಿದ.

ಹಾಸ್ಟೆಲ್ ತಲುಪಿದಾಗ ಮೂರು ಗಂಟೆ. ಬಾಯ್ಲರ್ ಆಗಲೇ ಗುಂಯ್ ಎನ್ನುತ್ತಿತ್ತು. ಸಂಜೆ ಆಟ ಮುಗಿಸಿ ಬರುವ ಹುಡುಗರಿಗೆಂದು ಬೆಂಕಿ ಹಾಕಿದ್ದರು. ವಾರ್ಡನ್ ಸರ್ ಒಳ್ಳೆಯ ಮನುಷ್ಯರೇ, ಆದರೆ ಬಾಯ್ಲರ್ ತರಿಸಿದ ಹೆಮ್ಮೆಯಲ್ಲಿದ್ದರು.

"ಆರಸಾಕ ಆಗೂದಿಲ್ಲ. ಜಿಲ್ಲಾದಿಂದ ಸಾಹೇಬ್ರು ನಾಳಿ ನೋಡಾಕ ಬರಾವ್ರದಾರ."

"ಸರ್, ಒಡದ್ರ ನೋಡಾಕ ಏನೂ ಉಳಿಯಂಗಿಲ್ಲ."

"ಹೋದ ತಿಂಗಳಷ್ಟ ನೀವ ಹೇಳಿದ್ರಿ, ಹತ್ತ್ ವರ್ಷಾ ಕೈ ಹಚ್ಚಬ್ಯಾಡ್ರಿ ಅಂತ. ಈಗ ಒಡೀತೈತಿ ಅಂತೀರಿ. ಯಾವುದು ಖರೆ?"

"ಈಗ ಹೇಳೂದು ಖರೆ."

"ಮತ್ತ್ ಆಗ ಹೇಳಿದ್ದು?"

"ಆಗ ಮಾರಾಕ ಬಂದಿದ್ದೆ, ಸರ್."

ಅವರು ನಕ್ಕುಬಿಟ್ಟರು, ಆದರೆ ಒಪ್ಪಲಿಲ್ಲ. ನಾಳೆ ಸಾಹೇಬರು ಹೋದ ಮೇಲೆ ನೋಡೋಣ ಎಂದರು. ಜೀವಮಾನದಲ್ಲಿ ನಾನು ಸೋತ ಚೌಕಾಶಿ ಇಲ್ಲ ಎಂದೇನಿಲ್ಲ, ಆದರೆ ಸೋತು ಬಸ್ ಹತ್ತಲಾಗದ ಚೌಕಾಶಿ ಅದೊಂದೇ. ಹಿಂದಕ್ಕೆ ಹೋಗಿ ನಲ್ಲಿಯನ್ನು ಒಂದು ಕೋಲಿನಿಂದ ದೂರ ನಿಂತು ತೆರೆದೆ, ಉರಿಯುವ ಕಟ್ಟಿಗೆಗಳನ್ನು ಒಂದೊಂದಾಗಿ ಎಳೆದು ಹಾಕಿದೆ. ಆಮೇಲೆ, ನಾನು ಹೋದ ಮೇಲೆ ಮತ್ತೆ ಹಚ್ಚುತ್ತಾರೆಂದು ಗೊತ್ತಿದ್ದರಿಂದ, ಬೆಂಕಿ ಕೂರುವ ಕಬ್ಬಿಣದ ಜಾಲರಿಯನ್ನೇ ಇಕ್ಕಳದಿಂದ ಕಿತ್ತು, ನೀರಿನಲ್ಲಿ ಅದ್ದಿ, ಚೀಲದಲ್ಲಿ ಹಾಕಿಕೊಂಡು ಹೊರಟೆ.

"ಏ ಸಾಹೇಬ್ರ! ಹಾಸ್ಟೆಲ್ ಸಾಮಾನು ಅದು! ಕಳವ ಮಾಡಾಕತ್ತೀರೇನು?" ವಾರ್ಡನ್ ಸರ್ ಗೇಟಿನವರೆಗೆ ಬಂದರು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಒದ್ದೆ ಚೀಲ ತೊಡೆಯ ಮೇಲೆ ಬಿಸಿಯಾಗಿಯೇ ಇತ್ತು.

ನಾಲ್ಕು ದಿನದ ಮೇಲೆ ಮಿಸ್ತ್ರಿ ಒಂದು ದಾರಿ ಹೇಳಿದ. ತಿಂಗಳಿಗೊಮ್ಮೆ ಸುರುಳಿಗೆ ಆಸಿಡ್ ಬಿಟ್ಟರೆ ಕಲ್ಲು ಕರಗುತ್ತದೆ. ಮಾಡಿ ನೋಡಿದೆವು, ನೊರೆಯುಕ್ಕಿ ಕರಗಿತು. ನನ್ನ ತಲೆ ಕೂಡಲೇ ಓಡಿತು. ಬಾಯ್ಲರ್ ಮಾರುವುದು ಒಮ್ಮೆ, ತೊಳೆಯುವುದು ಪ್ರತಿ ತಿಂಗಳು! ಜಿಲ್ಲೆಯ ತುಂಬ ಉಪ್ಪುನೀರು, ಅಂದರೆ ಜಿಲ್ಲೆಯ ತುಂಬ ನಮಗೆ ಕೆಲಸ. ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಆ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೆ.

ಡಾಕ್ಟರ್ ಬಾಯಿ ಪಡಸಾಲೆಯಲ್ಲಿ ಪೂರ್ತಿ ಕೇಳಿಸಿಕೊಂಡರು. ಪಕ್ಕದಲ್ಲಿ ಆಯಿ, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು.

"ಒಂದ್ ತಿಂಗಳಾ ನೀವು ಬರೂದು ತಡಾ ಆದ್ರ?" ಎಂದರು ಡಾಕ್ಟರ್.

"ತಡಾ ಆಗೂದಿಲ್ರಿ."

"ಜ್ವರಾ ಬಂತು. ಬಸ್ ಬಂದ್ ಆತು. ಮನ್ಯಾಗ ಲಗ್ನ. ಬ್ಯಾರೆ ಕಡೆ ದೊಡ್ಡ ಕೆಲಸಾ ಸಿಕ್ತು. ಆಗ?"

ಉತ್ತರ ಇತ್ತು. ನನ್ನ ಹತ್ತಿರ ಯಾವಾಗಲೂ ಉತ್ತರ ಇರುತ್ತದೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಯಿ ಕೇಳಿದಳು:

"ತಮ್ಮಾ, ಅದರೊಳಗ ಕೈ ಹೋಗತೈತೇನು?"

"ಕೊಳವಿಯೊಳಗ ಕೈ ಹ್ಯಾಂಗ್ ಹೋಗತೈತಿ ಆಯಿ?"

"ಕೈ ಹೋಗಲಾರದ ಭಾಂಡೆ ತಿಕ್ಕೂದ್ ಹ್ಯಾಂಗ? ಒಳಗ ಹೊಲಸ ಕುಂತೈತೋ ಇಲ್ಲೋ ತಿಳಿಯೂದ್ ಹ್ಯಾಂಗ? ನಿನ್ನ ಕೇಳಬೇಕು. ನೀ ಬೆಟಗೇರ್ಯಾಗ. ಬೆಂಕಿ ಮುಂದ ನಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ತಡೆದು ನಿಲ್ಲಿಸಿತು. ಆ ಯಂತ್ರದ ಒಳಗೆ ಏನಾಗುತ್ತಿದೆ ಎಂಬುದು ಅದರ ಮುಂದೆ ನಿಲ್ಲುವವರಿಗೆ ಗೊತ್ತಾಗದಂತೆ ನಾನೇ ಮಾಡಿದ್ದೆ, ಆ ಅಜ್ಞಾನವನ್ನೇ ಈಗ ತಿಂಗಳು ತಿಂಗಳು ಮಾರಲು ಬಂದಿದ್ದೆ.

"ಬಾಯಾರ, ಈಗ ಹೇಳಿದ್ದೆಲ್ಲಾ ಬಿಡ್ರಿ" ಎಂದೆ. "ಸುರುಳಿ ಬಾಯ್ಲರ್ ಇನ್ನ ನಾ ಮಾಡೂದಿಲ್ಲ. ಇಲ್ಲೂ ಇಲ್ಲ, ಮುಂಡರಗ್ಯಾಗೂ ಇಲ್ಲ. ಬ್ಯಾರೇದ ಮಾಡಿ ತರ್ತೇನಿ. ಆಯಿ ಒಪ್ಪಿದ್ರ ಇಡ್ರಿ."

"ನಾ ಒಪ್ಪಲಿಲ್ಲಂದ್ರ?" ಎಂದಳು ಆಯಿ.

"ಗುಜರಿಗೆ ಹಾಕ್ತೇನಿ." ಹೇಳಿ ಜೇಬಿನಿಂದ ದಾರ ತೆಗೆದೆ. "ಎಡಗೈ ಕೊಡ್ರಿ ಆಯಿ. ಅಳತಿ ತಗೋಬೇಕು."

"ಅಯ್ಯ! ಈ ವಯಸ್ಸಿನ್ಯಾಗ ನನಗ ಬಳಿ ಇಡಸ್ತೀ ಏನೋ?" ಡಾಕ್ಟರ್ ಬಾಯಿ ಅಂದು ಮೊದಲ ಸಲ ನಕ್ಕರು. ಮುಷ್ಟಿ, ಮಣಿಕಟ್ಟು, ಬೆರಳ ತುದಿಯಿಂದ ಮೊಳಕೈವರೆಗಿನ ಉದ್ದ, ಎಲ್ಲಕ್ಕೂ ದಾರದಲ್ಲಿ ಗಂಟು ಹಾಕಿಕೊಂಡೆ.

ಮಿಸ್ತ್ರಿಗೆ ಆ ದಾರ ಕೊಟ್ಟು ಹೇಳಿದೆ: ಹಳೇ ಬಂಬವನ್ನೇ ಮಾಡು, ಆದರೆ ಈ ಕೈಗೆ ಮಾಡು. ಹಳೇ ಬಂಬದಲ್ಲಿ ಬೆಂಕಿಯ ಕೊಳವೆಗೂ ಹೊರಗಿನ ಗೋಡೆಗೂ ನಡುವೆ ಮೂರು ಬೆರಳಷ್ಟೇ ಜಾಗ. ನಾವು ಮುಷ್ಟಿ ಆಡುವಷ್ಟು ಬಿಟ್ಟೆವು. ಉದ್ದವನ್ನು ಮೊಳಕೈಗಿಂತ ಹೆಚ್ಚು ಮಾಡಲಿಲ್ಲ; ನೀರು ಕಡಿಮೆ ಹಿಡಿಯಿತು, ಅದಕ್ಕೆ ಹೊಟ್ಟೆಯನ್ನು ಅಗಲ ಮಾಡಿದೆವು. ಮೇಲೆ ಮುಚ್ಚಳ ಸುಮ್ಮನೆ ಕೂರುವಂಥದ್ದು, ಬೋಲ್ಟ್ ಇಲ್ಲ, ನಟ್ ಇಲ್ಲ. ಉಗಿ ಬಂದರೆ ಮುಚ್ಚಳವನ್ನು ತಾನೇ ಎತ್ತಿ ಹೋಗಲಿ. ಸ್ಟೂಲ್ ಹತ್ತುವುದು ತಪ್ಪಬೇಕಲ್ಲ? ಪಕ್ಕದಲ್ಲಿ ಸಣ್ಣ ಡಬ್ಬಿ, ಅದರಲ್ಲಿ ತೇಲುವ ಚೆಂಡು. ನೀರು ಇಳಿದರೆ ಚೆಂಡು ಇಳಿದು ಟ್ಯಾಂಕಿನ ನೀರು ಬಿಡುತ್ತದೆ, ಏರಿದರೆ ನಿಲ್ಲಿಸುತ್ತದೆ. ಡಬ್ಬಿಗೂ ಬಂಬಕ್ಕೂ ನಡುವೆ ದಪ್ಪ ಕೊಳವೆ, ವಾಲ್ವ್ ಇಲ್ಲ. ನಲ್ಲಿ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ. ಧಾರೆ ಜೋರಿಲ್ಲ, ಆದರೆ ನಿಲ್ಲುವುದಿಲ್ಲ.

ಪರೀಕ್ಷೆಗೆ ಈ ಸಲ ಲಕ್ಷ್ಮೇಶ್ವರದ ಅದೇ ಬೋರಿನ ನೀರನ್ನು ನಾಲ್ಕು ಬ್ಯಾರಲ್‌ನಲ್ಲಿ ಟೆಂಪೊ ಮಾಡಿಸಿ ತರಿಸಿದೆ. ಓಣಿಯೆಲ್ಲ ನೋಡಲು ನಿಂತಿತು.

"ಸಾಹೇಬ್ರ, ಬೆಟಗೇರ್ಯಾಗ ಉಪ್ಪುನೀರಿಗೂ ಬರಾ ಬಂತೇನ್ರಿ?"

"ನಿಮ್ ಮನಿಗೂ ಒಂದ್ ಕೊಡಾ ಕಳಸ್ತೇನಿ, ಸುಮ್ಮನಿರೋ."

ಮಿಸ್ತ್ರಿ ಮಾತ್ರ ಆ ನೀರನ್ನು ಹೊಸ ತಾಮ್ರಕ್ಕೆ ಸುರಿಯಲು ಹಿಂದೆಮುಂದೆ ನೋಡಿದ. ತಂಬಿಗೆಯಲ್ಲಿ ಒಂದಿಷ್ಟು ಹೊಳೆನೀರು ತಂದು ಕೈಯಲ್ಲಿ ಹಿಡಿದು ನಿಂತ. "ಪದ್ಧತಿ ಬಿಡಾಕ ಆಗವಲ್ದು ಭಾಯ್." ಅವನ ಕೈಯಿಂದ ತಂಬಿಗೆ ತೆಗೆದುಕೊಂಡು ನೀರನ್ನು ಅವನಿಗೇ ಕುಡಿಯಲು ಕೊಟ್ಟೆ. ಕುಡಿದ. ಆಮೇಲೆ ಬ್ಯಾರಲ್ ಎತ್ತಲು ಕೈ ಹಚ್ಚಿದ. ಒಂಬತ್ತು ದಿನ ಕುದಿಸಿದೆವು. ಮೊದಲು ಬಂಬದ ತಳದಲ್ಲಿ ಕೆಸರು ಕೂತು ನಲ್ಲಿಗೆ ಬಂತು. ಕೆಸರು ಬಿಡಲು ತಳಕ್ಕೆ ಇನ್ನೊಂದು ಬಾಯಿ ಕೊಟ್ಟೆವು. ಮತ್ತೆ ಐದು ದಿನ ಕುದಿಸಿದೆವು. ಕಲ್ಲು ಕಟ್ಟುವುದೇನೂ ತಪ್ಪಲಿಲ್ಲ. ನೀರು ಬದಲಾಗುವುದಿಲ್ಲ, ತಾಮ್ರವೂ ಬದಲಾಗುವುದಿಲ್ಲ. ಆದರೆ ಈಗ ಅದು ಕಣ್ಣಿಗೆ ಕಾಣುತ್ತಿತ್ತು, ಹುಣಸೆಹಣ್ಣು ಹಚ್ಚಿ ತೆಂಗಿನ ಕರಟದಿಂದ ಕೆರೆದರೆ ಹಪ್ಪಳದಂತೆ ಎದ್ದು ಬರುತ್ತಿತ್ತು.

ಡಾಕ್ಟರ್ ಕರಾರು ಹಾಕಿದರು. ಒಂದು ತಿಂಗಳು ಬಂಬ ಅವರಲ್ಲಿ. ಆ ತಿಂಗಳು ಅದರಿಂದ ಭಾಂಡೆ ತೊಳೆಯುವ ನೀರು, ಬಟ್ಟೆಯ ನೀರು ಮಾತ್ರ, ಬಾಣಂತಿಗೆ ಎರೆಯುವುದಿಲ್ಲ. ನಾನು ಅದನ್ನು ಮುಟ್ಟಬಾರದು, ಉರಿ ಹೆಚ್ಚು ಕಡಿಮೆ ಮಾಡಬಾರದು, ಸಲಹೆ ಕೊಡಬಾರದು. ಕೊನೆಯ ಮಾತು ಹೇಳುವಾಗ ಡಾಕ್ಟರ್ ನನ್ನ ಮುಖವನ್ನೇ ನೋಡಿದರು. ಅದೇ ಎಲ್ಲಕ್ಕಿಂತ ಕಷ್ಟದ ಕರಾರು.

ಆ ತಿಂಗಳು ನಾನು ಮಾಡಿದ ಕೆಲಸ ಯಾವುದೂ ಸರಿಯಾಗಿ ಬರಲಿಲ್ಲ. ತಗಡು ಕೊಯ್ದರೆ ಗೆರೆ ತಪ್ಪುತ್ತಿತ್ತು. ಊಟಕ್ಕೆ ಕೂತವನು ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ. "ಯಾರ್ ಬಂದಾರ?" ಎಂದು ಹೆಂಡತಿ ಕೇಳುತ್ತಿದ್ದಳು. ಯಾರೂ ಬಂದಿರುತ್ತಿರಲಿಲ್ಲ. ಎರಡು ಸಲ ಲಕ್ಷ್ಮೇಶ್ವರಕ್ಕೆ ಹೋದೆ. ಆಸ್ಪತ್ರೆಯ ಗೋಡೆಯಾಚೆ ನಿಂತು ಹೊಗೆ ಬರುವುದನ್ನು ನೋಡಿ, ಒಳಗೆ ಹೋಗದೆ, ಚಹಾ ಕುಡಿದು ಹಿಂದಿರುಗಿದೆ.

ತಿಂಗಳು ತುಂಬಿದ ದಿನ ಮಿಸ್ತ್ರಿಯನ್ನೂ ಕರೆದುಕೊಂಡು ಹೋದೆ. ಬೆಂಕಿ ಆರಿಸಿ, ನೀರು ಬಿಟ್ಟು, ಬಂಬ ತಣ್ಣಗಾಗಿ ನಿಂತಿತ್ತು. ಆಯಿಯ ಬಲಗೈ ಮಾಗಿತ್ತು, ಚರ್ಮ ಮಾತ್ರ ಬೇರೆ ಬಣ್ಣ. ಅವಳು ಮುಚ್ಚಳ ತೆಗೆದು ಆ ಕೈಯನ್ನೇ ಒಳಗೆ ಇಳಿಬಿಟ್ಟಳು. ಮೊಳಕೈವರೆಗೆ ಇಳಿದಾಗ ಕಣ್ಣು ಮುಚ್ಚಿದಳು. ಒಳಗೆ ಅವಳ ಬೆರಳು ಕೊಳವೆಯ ಸುತ್ತ ತಿರುಗುವ ಸದ್ದು. ನಾನು ಏನೋ ಹೇಳಲು ಹೊರಟೆ. ಮಿಸ್ತ್ರಿ ನನ್ನ ಕಾಲು ತುಳಿದ.

ಕೈ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡಳು. "ವಾರಕ್ಕೊಮ್ಮಿ ತಿಕ್ಕೇನಿ. ಇಷ್ಟ ಉಳದೈತಿ" ಎಂದು ಡಾಕ್ಟರಿಗೆ ಉಗುರಿನ ಸಂದಿನ ಬಿಳಿ ಪುಡಿ ತೋರಿಸಿದಳು. ಡಾಕ್ಟರ್ ಅವಳನ್ನೇ ನೋಡುತ್ತ ನಿಂತರು. ಒಪ್ಪಿದೆಯಾ ಎಂದು ಯಾರೂ ಕೇಳಲಿಲ್ಲ. ಆಯಿ ತಾನೇ ನೀರು ತುಂಬಿಸಿದಳು, ತಾನೇ ಉರಿ ಹಾಕಿದಳು. ಮುಕ್ಕಾಲು ಗಂಟೆಯ ಮೇಲೆ ಮುಚ್ಚಳದ ಅಂಚಿನಲ್ಲಿ ಹಬೆ ಕಂಡಾಗ ವಾರ್ಡಿನ ಬಾಗಿಲಿಗೆ ಹೋಗಿ ಕರೆದಳು: "ಬೆಳ್ಳಟ್ಟಿ ಹುಡಿಗೀ, ಬಾ ಯವ್ವಾ. ಕೂಸಿನ್ನ ಸಿಸ್ಟರ್ ತರ್ತಾರ." ಆಮೇಲೆ ನಮ್ಮ ಕಡೆ ತಿರುಗಿ, "ಗಂಡಸರದೇನ್ ಇಲ್ಲಿ? ಹೊರಗ ನಡೀರಿ" ಎಂದಳು.

ಹೀಗೆ ನಾನು ಮಾಡಿದ ಬಂಬದ ನೀರನ್ನು ಮೊದಲ ಸಲ ಎರೆದದ್ದನ್ನು ನಾನು ನೋಡಲಿಲ್ಲ. ಗೋಡೆಯ ಈಚೆ ಮಿಸ್ತ್ರಿಯೂ ನಾನೂ ನಿಂತಿದ್ದೆವು. ನಲ್ಲಿ ತೆರೆದ ಸದ್ದು ಕೇಳಿತು. ತಂಬಿಗೆ ತಂಬಿಗೆಯಾಗಿ ನೀರು ಬೀಳತೊಡಗಿತು. ನಿಂತೀತು ಎಂದು ಪ್ರತಿ ಸಲವೂ ಅನಿಸುತ್ತಿತ್ತು, ನಿಲ್ಲುತ್ತಿರಲಿಲ್ಲ. "ಹಿತಾ ಐತೇನ?" ಎಂದು ಆಯಿ ಕೇಳಿದ್ದು ಕೇಳಿಸಿತು, ಆ ಹುಡುಗಿ ಏನೆಂದಳೋ ತಿಳಿಯಲಿಲ್ಲ. ಆಮೇಲೆ ಕೂಸು ಅತ್ತಿತು, ನೀರು ತಾಗಿ ಸುಮ್ಮನಾಯಿತು. ಲೋಬಾನದ ಹೊಗೆ ಗೋಡೆ ದಾಟಿ ಬಂತು. ಮಿಸ್ತ್ರಿ ಬೀಡಿ ಹಚ್ಚಲು ತೆಗೆದವನು ಹಚ್ಚದೆ ಹಾಗೇ ಹಿಡಿದುಕೊಂಡಿದ್ದ.

ಬಾಗಿಲು ತೆರೆಯಿತು. ಸೀರೆಯೆಲ್ಲ ತೊಯ್ದ ಆಯಿ, ಮುಖದ ಬೆವರನ್ನು ಮೊಳಕೈಯಿಂದ ಒರೆಸಿಕೊಳ್ಳುತ್ತ, ನನ್ನನ್ನು ಕಂಡು ಸಿಡುಕಿದಳು:

"ಅಲ್ಲೇನ್ ನೋಡಕೋತ ನಿಂತೀಯೋ? ಇನ್ನಿಬ್ಬರು ಅದಾರ. ಕಟ್ಟಿಗಿ ಹಾಕು."

ನಾನು ಒಳಗೆ ಹೋಗಿ ಕಟ್ಟಿಗೆ ಹಾಕಿದೆ.